ಆಂಥ್ರಪಾಲಜಿಯವ್ರು ನೀರಲ್ಲಿ ಏನ್ ನೋಡ್ತಾರೆ?

ಸೆಮಿನಾರ್_ಸಂಕಟ: ಎಕನಾಮಿಕ್ಸ್‌ನವ್ರು ರೇಟು, ಡಿಮ್ಯಾಂಡು ಅಂತ ಲೆಕ್ಕ ಹಾಕ್ತಾರೆ ಸರಿ, ಈ ಆಂಥ್ರಪಾಲಜಿಯವ್ರು (ಮಾನವಶಾಸ್ತ್ರದವ್ರು) ಊರಲ್ಲಿ ಹೋಗಿ ಕೂತು ನೀರಿನ ಬಗ್ಗೆ ಏನ್ ಸ್ಟಡಿ ಮಾಡ್ತಾರೆ? ಒಂದು ಉದಾಹರಣೆ ಹೇಳಿ ಪ್ಲೀಸ್.

ಗದ್ದೆಬದಿ: ಇಂಡೋನೇಷ್ಯಾದ ಬಾಲಿ ದ್ವೀಪದ ಕೇಸ್ ತಗೊಳಿ. ಅಲ್ಲಿ ಸುಬಕ್ ಅಂತ ರೈತರ ನೀರಿನ ಸಂಘಗಳು, ಯಾರಿಗೆ ಯಾವಾಗ ನೀರು ಅನ್ನೋದು ನೀರಿನ ದೇವಸ್ಥಾನಗಳಲ್ಲೇ ತೀರ್ಮಾನ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಭತ್ತ ತಂದು, ಹಳೇ ಸರದಿ ಬಿಟ್ಟು ಆದಷ್ಟು ಸಲ ನಾಟಿ ಮಾಡಿ ಅಂತು, ನೀರಿನ ತಾಪತ್ರಯ, ಕಂದು ಜಿಗಿಹುಳದ ಕಾಟ ಎರಡೂ ಶುರು. ಸ್ಟೀಫನ್ ಲ್ಯಾನ್ಸಿಂಗ್ ಅನ್ನೋ ಆಂಥ್ರಪಾಲಜಿಸ್ಟು ಪೂಜಾರಿಗಳು, ರೈತರ ಜೊತೆ ಓಡಾಡಿ, ಆಮೇಲೆ ಕಂಪ್ಯೂಟರ್ ಮಾಡೆಲ್ಲೂ ಮಾಡಿ ತೋರಿಸಿದ್ರು: ಅಕ್ಕಪಕ್ಕದವ್ರೆಲ್ಲ ಒಟ್ಟಿಗೆ ಗದ್ದೆ ಖಾಲಿ ಬಿಟ್ರೆ ಹುಳಕ್ಕೆ ಮೇವಿಲ್ಲ, ಆದ್ರೆ ಎಲ್ರೂ ಒಂದೇ ಸಲ ನೀರು ಕೇಳಿದ್ರೆ ಸಾಲಲ್ಲ, ಆ ಬ್ಯಾಲೆನ್ಸ್ ದೇವಸ್ಥಾನದವ್ರು ನೋಡ್ಕೋತಿದ್ರು.

ಕೋಲಾರ್_ಕೆರೆ: ಅಷ್ಟು ದೂರ ಯಾಕ್ರೀ, ನಮ್ಮಲ್ಲಿ ನೀರುಗಂಟಿ ಇದ್ರಲ್ಲ! ತೂಬು ಎತ್ತೋದು, ಕಾಲುವೆ ತಿರುಗ್ಸೋದು ಅವ್ರೇ, ಕೂಲಿ ಅಂದ್ರೆ ಸುಗ್ಗೀಲಿ ಕಣದಲ್ಲಿ ಕೊಡೋ ಕಾಳು. ಬೋರ್‌ವೆಲ್ ಬಂದ್ಮೇಲೆ ಅವ್ರನ್ನ ಕೇಳೋರಿಲ್ಲ.

ಗದ್ದೆಬದಿ: ಹೌದು, ಆದ್ರೆ ಬಹಳ ಕಡೆ ಆ ಕೆಲಸ ದಲಿತ ಕುಟುಂಬಗಳ್ದೇ, ನೀರು ಬಿಡೋನಿಗೆ ಆ ನೀರಲ್ಲಿ ಬೆಳೆಯೋಕೆ ಗದ್ದೆ ಇತ್ತಾ ಅಂತ್ಲೂ ಕೇಳ್ಬೇಕು.

ಸೆಮಿನಾರ್_ಸಂಕಟ: ಈ ಕೊನೇ ಪ್ರಶ್ನೇನೇ ತಗೋತೀನಿ, ಥ್ಯಾಂಕ್ಸ್.