ಕಾಲು ಸೆಳೆತಕ್ಕೆ ಜಪಾನಿನ 68ನೇ ಸಂಖ್ಯೆಯ ಪುಡಿ: ರಕ್ತದೊತ್ತಡದ ಮಾತ್ರೆ ನುಂಗುವ ತಾಯಿಗೂ ಕೊಡಬಹುದೇ?

ಪ್ರಶ್ನೆ – ಯೊಕೊಹಾಮಾ ವಾಸಿ

ಮಾನ್ಯರೇ,

ನಾನು ಆರು ವರ್ಷಗಳಿಂದ ಯೊಕೊಹಾಮಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ಚಳಿಗಾಲದಿಂದ ನಸುಕಿನ ವೇಳೆಗೆ ನನ್ನ ಮೀನಖಂಡ ಹಿಡಿದುಕೊಂಡು, ಎದ್ದು ಕುಳಿತು ಕಾಲಿನ ಹೆಬ್ಬೆರಳನ್ನು ಎಷ್ಟು ಎಳೆದುಕೊಂಡರೂ ಬಿಡದಷ್ಟು ನೋವಾಗುತ್ತಿತ್ತು. ಮನೆಯ ಹತ್ತಿರದ ಚಿಕಿತ್ಸಾಲಯದ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಬೇರೆ ದೋಷವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಮಲಗುವ ಮುನ್ನ ಒಂದು ಪೊಟ್ಟಣದಂತೆ ಶಕುಯಾಕು-ಕಂಜೋ-ತೋ ಎಂಬ, ಜಪಾನಿನ ಸಾಂಪ್ರದಾಯಿಕ ವೈದ್ಯಪದ್ಧತಿಯಾದ ಕಂಪೋದ ಔಷಧವನ್ನು ಬರೆದುಕೊಟ್ಟರು. ಪೊಟ್ಟಣದ ಮೇಲೆ 68 ಎಂಬ ಸಂಖ್ಯೆ ಅಚ್ಚಾಗಿದೆ. (ಈ ವೈದ್ಯಪದ್ಧತಿಯ ಹೆಸರು ಕನ್ನಡದ ಕಿವಿಗೆ ‘ಕಂಪು’ ಎಂದೇ ಕೇಳಿಸುತ್ತದೆ, ಪುಡಿಯನ್ನು ಮೂಸಿ ನೋಡಿದವರು ಹಾಗೆನ್ನಲಾರರು.) ನನಗಂತೂ ಅದರಿಂದ ಬಹಳ ಉಪಕಾರವಾಗಿದೆ. ಸೆಳೆತ ಬಂದಾಗ ತೆಗೆದುಕೊಂಡರೂ ಸ್ವಲ್ಪ ಹೊತ್ತಿನಲ್ಲೇ ಸ್ನಾಯು ಸಡಿಲಗೊಳ್ಳುತ್ತದೆ.

ಈಗ ದಾವಣಗೆರೆಯಿಂದ ನನ್ನ ತಾಯಿಯವರು ಮೂರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಅವರಿಗೆ 67 ವರ್ಷ. ರಕ್ತದೊತ್ತಡಕ್ಕಾಗಿ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಕೂಡಿದ ಮಾತ್ರೆಯನ್ನು ಹಲವು ವರ್ಷಗಳಿಂದ ನುಂಗುತ್ತಿದ್ದಾರೆ. ಅವರಿಗೂ ರಾತ್ರಿ ಕಾಲು ಹಿಡಿದುಕೊಳ್ಳುತ್ತದೆ, ಕುತ್ತಿಗೆ ಮತ್ತು ಹೆಗಲು ಬಿಗಿಯಾಗಿರುತ್ತದೆ, ಇಲ್ಲಿನ ಒಣ ಚಳಿಗೆ ಹಿಮ್ಮಡಿಗಳು ಒಡೆದಿವೆ. ನನ್ನ ಪುಡಿಯ ಗುಣವನ್ನು ಕಣ್ಣಾರೆ ಕಂಡಿರುವ ಅವರು, “ಬೇರು ನಾರು ತಾನೇ, ನನಗೂ ಒಂದು ಕೊಡು” ಎನ್ನುತ್ತಿದ್ದಾರೆ. ಹೆಗಲ ಬಿಗಿತಕ್ಕೆಂದು ಅಂಗಡಿಯಿಂದ ಕಕ್ಕೊನ್-ತೋ ತಂದಿಟ್ಟಿದ್ದೇನೆ. ಹಿಮ್ಮಡಿಗೆ ಶಿ-ಉನ್-ಕೋ ಎಂಬ ನೇರಳೆ ಬಣ್ಣದ ಮುಲಾಮು ಒಳ್ಳೆಯದೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದಾರೆ. ಈ ಮೂರನ್ನೂ ತಾಯಿಗೆ ಕೊಡಬಹುದೇ? ನಾವು ಶುದ್ಧ ಸಸ್ಯಾಹಾರಿಗಳೆಂಬುದನ್ನೂ ಗಮನಿಸಿ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1 – ಓಸಾಕಾ ಕನ್ನಡತಿ

ನಾನು ವೈದ್ಯೆಯಲ್ಲ. ಇಲ್ಲಿನ ಒಂದು ಔಷಧಿ ಅಂಗಡಿಯಲ್ಲಿ ನೋಂದಾಯಿತ ಮಾರಾಟಗಾರ್ತಿಯಾಗಿದ್ದೇನೆ. ನಿಮ್ಮಂಥದೇ ಪ್ರಶ್ನೆಯನ್ನು ವಾರಕ್ಕೆ ನಾಲ್ಕಾರು ಬಾರಿ ಕೇಳಿಸಿಕೊಳ್ಳುತ್ತೇನೆ. ಮೊದಲು ನೇರ ಉತ್ತರ: ನಿಮ್ಮ ಪೊಟ್ಟಣವನ್ನು ತಾಯಿಯವರಿಗೆ ದಯವಿಟ್ಟು ಕೊಡಬೇಡಿ.

ಕಾರಣ ಹೀಗಿದೆ. ಶಕುಯಾಕು-ಕಂಜೋ-ತೋದಲ್ಲಿ ಇರುವುದು ಎರಡೇ ಮೂಲಿಕೆಗಳು. ಶಕುಯಾಕು ಎಂದರೆ ಪಿಯೋನಿ ಎಂಬ ಹೂಗಿಡದ ಬೇರು. ಕಂಜೋ ಎಂದರೆ ನಮ್ಮ ಜ್ಯೇಷ್ಠಮಧುವಿನ ಜಾತಿಯದೇ ಬೇರು. ದಿನಕ್ಕೆ ಮೂರು ಪೊಟ್ಟಣಗಳ ಪೂರ್ಣ ಪ್ರಮಾಣದಲ್ಲಿ ಎರಡೂ ತಲಾ 6 ಗ್ರಾಂ ಬೇರಿನ ಸಾರದಷ್ಟಿರುತ್ತವೆ. ಕಂಪೋ ಔಷಧಗಳಲ್ಲಿ ಹತ್ತಕ್ಕೆ ಸುಮಾರು ಏಳರಲ್ಲಿ ಜ್ಯೇಷ್ಠಮಧು ಇದ್ದೇ ಇರುತ್ತದೆ, ಆದರೆ ಬಹುಪಾಲಿನಲ್ಲಿ ಅದು 1ರಿಂದ 3 ಗ್ರಾಂ ಮಾತ್ರ. ಆದ್ದರಿಂದ 68ನೇ ಸಂಖ್ಯೆಯದು ಸಾಧಾರಣ ಪುಡಿಯಲ್ಲ. ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್, ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಉಳಿದುಹೋದ ಕಾರ್ಟಿಸಾಲ್, ಆಲ್ಡೋಸ್ಟೆರೋನ್ ಎಂಬ ಇನ್ನೊಂದು ಹಾರ್ಮೋನು ಮಾಡಬೇಕಾದ ಕೆಲಸವನ್ನು ತಾನೇ ಮಾಡತೊಡಗುತ್ತದೆ: ಉಪ್ಪು ಮತ್ತು ನೀರು ದೇಹದಲ್ಲಿ ನಿಲ್ಲುತ್ತವೆ, ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ.

ನಿಮ್ಮ ತಾಯಿಯವರ ಮಾತ್ರೆಯಲ್ಲಿರುವ ಹೈಡ್ರೋಕ್ಲೋರೋಥಯಾಜೈಡ್ ಕೂಡ ಮೂತ್ರವರ್ಧಕವಾದುದರಿಂದ ಪೊಟ್ಯಾಸಿಯಂ ಅನ್ನು ಹೊರಹಾಕುವಂಥದೇ. ಎರಡು ತೂತುಗಳಿರುವ ಕೊಡದಂತೆ, ಒಂದರಿಂದ ಸೋರುವುದನ್ನು ಇನ್ನೊಂದು ಹೆಚ್ಚಿಸುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಸ್ನಾಯುಗಳು ಸೋಲುತ್ತವೆ, ಕೈಕಾಲು ಜೋಮು ಹಿಡಿಯುತ್ತದೆ, ಮತ್ತೆ ಸೆಳೆತವೇ ಬರುತ್ತದೆ. ಸೆಳೆತ ಹೆಚ್ಚಿತೆಂದು ಇನ್ನೊಂದು ಪೊಟ್ಟಣ ತೆಗೆದುಕೊಂಡರೆ ಪರಿಸ್ಥಿತಿ ಮತ್ತಷ್ಟು ಹದಗೆಡುತ್ತದೆ. ಹೃದಯದ ಬಡಿತವೇ ತಪ್ಪಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇರುವವರಿಗೆ ಈ ಔಷಧವನ್ನು ಕೊಡಲೇಬಾರದೆಂದು ಅದರ ಸೂಚನಾಪತ್ರದಲ್ಲೇ ಬರೆದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವರಿಗೆ ಈಗಾಗಲೇ ಬರುತ್ತಿರುವ ಸೆಳೆತಕ್ಕೆ ಆ ರಕ್ತದೊತ್ತಡದ ಮಾತ್ರೆಯೇ ಕಾರಣವಾಗಿರಬಹುದಲ್ಲವೇ? ನಿಮಗೆ ಔಷಧ ಬರೆಯುವ ಮೊದಲು ವೈದ್ಯರು ರಕ್ತ ಪರೀಕ್ಷೆ ಮಾಡಿಸಿದರು. ತಾಯಿಯವರಿಗೂ ಅದು ಮೊದಲು ಆಗಬೇಕು.

ಕಕ್ಕೊನ್-ತೋ ವಿಷಯದಲ್ಲೂ ನನ್ನ ಉತ್ತರ ಅದೇ. ಅದರಲ್ಲಿ ಏಳು ಮೂಲಿಕೆಗಳಿವೆ: ಕುಡ್ಜು ಎಂಬ ಬಳ್ಳಿಯ ಬೇರು, ಮಾವೋ, ಬೋರೆ ಜಾತಿಯ ಒಣಹಣ್ಣು, ದಾಲ್ಚಿನ್ನಿ, ಶುಂಠಿ, ಪಿಯೋನಿ, ಜ್ಯೇಷ್ಠಮಧು. ಶೀತದ ಮೊದಲ ದಿನ, ಚಳಿಯಾಗಿ ಬೆವರು ಬಾರದೆ ಕುತ್ತಿಗೆ ಬಿಗಿದುಕೊಂಡಾಗ ಗಟ್ಟಿಮುಟ್ಟಾದ ಮೈಯವರಿಗೆ ಅದು ಹೊಂದುತ್ತದೆ; ಹೆಗಲ ಬಿಗಿತಕ್ಕೂ ಇಲ್ಲಿನವರು ಧಾರಾಳವಾಗಿ ಬಳಸುತ್ತಾರೆ. ಆದರೆ ಮಾವೋ ಎಂದರೆ ಎಫೆಡ್ರಾ ಗಿಡ. ಅದರೊಳಗಿನ ಎಫೆಡ್ರಿನ್ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಿ ನಿದ್ದೆ ಕೆಡಿಸುತ್ತದೆ. ಇಲ್ಲಿನ ಎಷ್ಟೋ ಶೀತದ ಮಾತ್ರೆಗಳಲ್ಲಿ ಮೀಥೈಲ್ ಎಫೆಡ್ರಿನ್ ಇರುವುದರಿಂದ, ನೀವು ತೆಗೆದುಕೊಳ್ಳುವಾಗಲೂ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ. 68ನೇ ಸಂಖ್ಯೆಯದರೊಂದಿಗೆ ಕಕ್ಕೊನ್-ತೋ ಸೇರಿಸಿದರೆ ಜ್ಯೇಷ್ಠಮಧು ಇನ್ನೂ 2 ಗ್ರಾಂ ಕೂಡಿಕೊಳ್ಳುತ್ತದೆ ಎಂಬುದನ್ನು ಕೂಡ ಲೆಕ್ಕಕ್ಕೆ ಹಿಡಿಯಬೇಕು. ಎರಡು ಕಂಪೋ ಪುಡಿಗಳನ್ನು ಕೂಡಿಸುವಾಗ ಹೆಸರುಗಳನ್ನಲ್ಲ, ಒಳಗಿನ ಗ್ರಾಂಗಳನ್ನು ಕೂಡಿಸಿ ನೋಡಬೇಕು.

ಮುಲಾಮಿನ ಬಗ್ಗೆ: ಶಿ-ಉನ್-ಕೋದಲ್ಲಿ ಎಳ್ಳೆಣ್ಣೆ, ಜೇನುಮೇಣ, ಎರಡು ಬೇರುಗಳು ಮತ್ತು ಹಂದಿಯ ಕೊಬ್ಬು ಇರುತ್ತವೆ. ಮೈಗೆ ಹಚ್ಚುವುದಾದರೂ ನಿಮ್ಮ ಮನೆಯಲ್ಲಿ ಇದು ಒಪ್ಪಿಗೆಯಾಗಲಾರದು. ಸಸ್ಯಾಹಾರಿಗಳು ತಿಳಿದಿರಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಮೂತ್ರದ ಉರಿಗೆ ಕೊಡುವ ಚೋರೇ-ತೋದಲ್ಲಿ ಪ್ರಾಣಿಯ ಚರ್ಮದಿಂದ ತೆಗೆದ ಅಂಟು, ಹೆಸರಿನ ಕೊನೆಗೆ ‘ಬೊರೇ-ತೋ’ ಎಂದು ಬರುವ ಔಷಧಗಳಲ್ಲಿ ಸಿಂಪಿಯ ಚಿಪ್ಪು, ಚರ್ಮದ ತುರಿಕೆಗೆ ಕೊಡುವ ಶೋಫೂ-ಸಾನ್‌ನಲ್ಲಿ ಒಂದು ಬಗೆಯ ಜೀರುಂಡೆ ಕಳಚಿದ ಪೊರೆ ಇರುತ್ತವೆ. ಎಲ್ಲವೂ ಗಿಡಮೂಲಿಕೆ ಎಂದು ತಿಳಿದು ಬರುವ ನಮ್ಮವರಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕು.

ಕೊನೆಯದಾಗಿ, ನಿಮ್ಮ ಹೆಸರಿಗೆ ಬರೆದ ಔಷಧವನ್ನು ಇನ್ನೊಬ್ಬರು ಸೇವಿಸಿ ತೊಂದರೆಗೊಳಗಾದರೆ, ಔಷಧದ ಅಡ್ಡಪರಿಣಾಮಕ್ಕೆ ಇಲ್ಲಿನ ಸರ್ಕಾರಿ ವ್ಯವಸ್ಥೆ ನೀಡುವ ಪರಿಹಾರವೂ ದೊರೆಯುವುದಿಲ್ಲ. ಅದು ಸರಿಯಾದ ರೀತಿಯಲ್ಲಿ ಬಳಸಿದವರಿಗೆ ಮಾತ್ರ.

ಉತ್ತರ 2 – ಕರಾವಳಿಯ ಆಯುರ್ವೇದ ವೈದ್ಯ

ಮೇಲಿನ ಸೋದರಿಯವರು ಹೇಳಿದ್ದು ಯಥಾರ್ಥ. ಜ್ಯೇಷ್ಠಮಧುವಿನ ಬಗ್ಗೆ ನಮ್ಮಲ್ಲೂ ಇದೇ ಎಚ್ಚರಿಕೆ ಬೇಕು. ಗಂಟಲಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಅದರ ಚೂರ್ಣ ತಿಂದು ಪಾದ ಊದಿಸಿಕೊಂಡು ಬಂದವರನ್ನು ನಾನೂ ಕಂಡಿದ್ದೇನೆ. ಆದ್ದರಿಂದ ‘ಜಪಾನಿನದು ಬೇಡ, ನಮ್ಮದನ್ನೇ ಕೊಡೋಣ’ ಎಂಬ ದಾರಿಯನ್ನೂ ಹಿಡಿಯಬೇಡಿ.

ಕಂಪೋ ವೈದ್ಯರ ಓದಿನಿಂದ ನಾನು ತಿಳಿದುಕೊಂಡ ಒಂದು ಅಂಶವನ್ನು ಇಲ್ಲಿ ಸೇರಿಸುತ್ತೇನೆ. ಅವರು ರೋಗದ ಹೆಸರಿಗೆ ಔಷಧ ಕೊಡುವುದಿಲ್ಲ. ರೋಗಿಯ ಒಟ್ಟು ಸ್ಥಿತಿಯನ್ನು ‘ಶೋ’ ಎಂದು ಕರೆದು ಅದಕ್ಕೆ ಕೊಡುತ್ತಾರೆ. ಬಲಿಷ್ಠನೋ ದುರ್ಬಲನೋ, ಚಳಿ ಹೆಚ್ಚೋ ಉರಿ ಹೆಚ್ಚೋ, ಬೆವರುತ್ತಾನೋ ಇಲ್ಲವೋ ಎಂಬುದನ್ನು ಕೇಳಿ, ನಾಲಿಗೆ ಮತ್ತು ನಾಡಿ ನೋಡಿ, ಅಷ್ಟಕ್ಕೇ ನಿಲ್ಲದೆ ರೋಗಿಯನ್ನು ಮಲಗಿಸಿ ಹೊಟ್ಟೆಯನ್ನು ಬೆರಳುಗಳಿಂದ ಒತ್ತಿ ನೋಡುತ್ತಾರೆ. ಚೀನಾದ ವೈದ್ಯದಿಂದಲೇ ಬೆಳೆದು ಬಂದರೂ ಈ ಹೊಟ್ಟೆಯ ಪರೀಕ್ಷೆಯನ್ನು ಇಷ್ಟು ವಿಸ್ತಾರವಾಗಿ ಬೆಳೆಸಿದವರು ಜಪಾನಿನವರು. 18ನೇ ಶತಮಾನದ ಯೋಶಿಮಾಸು ತೋದೋ ಇದಕ್ಕೆ ಬಹಳ ಒತ್ತು ಕೊಟ್ಟವರು. ಅವರ ಮಗ ನಂಗಾಯ್ ಅವರು ‘ಕಿ, ಕೆತ್ಸು, ಸುಯ್’ ಎಂಬ ಮೂರರ ಸಿದ್ಧಾಂತವನ್ನು ಮಂಡಿಸಿದರು: ಚೈತನ್ಯ, ರಕ್ತ, ದೇಹದ ನೀರು. ನಮ್ಮವರು ಇದನ್ನು ಕೇಳಿದ ಕೂಡಲೇ ವಾತ, ಪಿತ್ತ, ಕಫ ಎಂದು ಅನುವಾದಿಸಿಬಿಡುತ್ತಾರೆ. ಮೂರು ಮೂರು ಎಂಬ ಲೆಕ್ಕ ಹೊಂದಿದ ಮಾತ್ರಕ್ಕೆ ಒಳಗಿನ ವಿಚಾರ ಹೊಂದುವುದಿಲ್ಲ. ಈ ತಪ್ಪು ಅನುವಾದದಿಂದ ಔಷಧವೂ ತಪ್ಪುತ್ತದೆ. ಮಗನಿಗೂ ತಾಯಿಗೂ ಕಾಲು ಹಿಡಿದುಕೊಳ್ಳುತ್ತದೆ ಎಂಬುದು ಒಂದೇ ಆದರೂ, ಕಂಪೋದ ದೃಷ್ಟಿಯಲ್ಲೇ ಇಬ್ಬರೂ ಬೇರೆ ಬೇರೆ ರೋಗಿಗಳು.

ಹಾಗೆಂದು ಎರಡು ನಾಡುಗಳ ನಡುವೆ ನಂಟೇ ಇಲ್ಲವೆಂದಲ್ಲ. ನಾರಾ ನಗರದ ಶೋಸೋ-ಇನ್ ಭಂಡಾರಕ್ಕೆ ಕ್ರಿ.ಶ. 756ರಲ್ಲಿ ಸಾಮ್ರಾಜ್ಞಿ ಕೋಮ್ಯೋ ಅವರು ಅರ್ಪಿಸಿದ 60 ಔಷಧದ್ರವ್ಯಗಳ ಪಟ್ಟಿಯಲ್ಲಿ ‘ಕರಿರೊಕು’ ಎಂಬುದೊಂದಿದೆ. ಅದು ಹರೀತಕಿ, ನಮ್ಮ ಅಳಲೆಕಾಯಿ. ಅದೇ ಪಟ್ಟಿಯಲ್ಲಿ ಕರಿಮೆಣಸೂ ಹಿಪ್ಪಲಿಯೂ ಇವೆ. ಹಾಗೆಯೇ ನಾವು ವತ್ಸನಾಭಿಯನ್ನು ಗೋಮೂತ್ರದಲ್ಲಿ ಶೋಧಿಸಿ ಬಳಸುವಂತೆ, ಅವರು ಅದೇ ಕುಲದ ‘ಬುಶಿ’ ಗೆಡ್ಡೆಯ ವಿಷವನ್ನು ಒತ್ತಡದಲ್ಲಿ ಬೇಯಿಸಿ ತಗ್ಗಿಸಿ, ಚಳಿಗೆ ಹೆಚ್ಚುವ ಕೀಲುನೋವಿನ ಔಷಧಗಳಲ್ಲಿ ಸೇರಿಸುತ್ತಾರೆ. ಇಂಥವನ್ನು ಅಂಗಡಿಯಿಂದ ಆರಿಸಿ ತರುವ ಸಾಹಸ ಯಾರಿಗೂ ಬೇಡ.

ಹಿಮ್ಮಡಿಗೆ ರಾತ್ರಿ ಬಿಸಿನೀರಿನಲ್ಲಿ ಕಾಲಿಟ್ಟು ತೊಳೆದು ಎಳ್ಳೆಣ್ಣೆ ಹಚ್ಚಿ ಕಾಲುಚೀಲ ಹಾಕಿಕೊಳ್ಳಲಿ. ಆ ಮುಲಾಮಿನ ಮುಖ್ಯ ದ್ರವ್ಯವೂ ಅದೇ ಎಣ್ಣೆ ತಾನೇ!

ಉತ್ತರ 3 – ಸಂದೇಹಿ

ಜಪಾನಿನ ಆರೋಗ್ಯ ವಿಮೆಯೇ ಹಣ ಕೊಡುತ್ತದೆ, ಆದ್ದರಿಂದ ಕಂಪೋ ಪರೀಕ್ಷಿತವಾದುದು ಎಂಬ ವಾದವನ್ನು ಇಲ್ಲಿ ಪದೇಪದೇ ಓದುತ್ತೇನೆ. ಈ ಪ್ರಶ್ನೆಯಲ್ಲಿ ಅದು ಬಂದಿಲ್ಲವಾದರೂ, “ಬೇರು ನಾರು ತಾನೇ” ಎಂಬ ಮಾತಿನ ಹಿಂದೆ ಅಂಥದೇ ನಂಬಿಕೆ ಇರುವುದರಿಂದ ಎರಡು ಮಾತು ಬರೆಯುತ್ತಿದ್ದೇನೆ. 1967ರಲ್ಲಿ ಕೆಲವೇ ಕಂಪೋ ಔಷಧಗಳು ವಿಮೆಯ ಪಟ್ಟಿಗೆ ಸೇರಿದವು. 1976ರಲ್ಲಿ ಒಮ್ಮೆಲೇ ಬಹಳಷ್ಟು ಸೇರಿದವು. ಇಂದು ಅವುಗಳ ಸಂಖ್ಯೆ 148. ಹೊಸ ರಾಸಾಯನಿಕ ಔಷಧವೊಂದು ದಾಟಬೇಕಾದ ಪ್ರಯೋಗಗಳನ್ನು ದಾಟಿ ಇವು ಒಳಬಂದಿಲ್ಲ, ದೀರ್ಘಕಾಲದ ಬಳಕೆಯ ಆಧಾರದ ಮೇಲೆ ಬಂದಿವೆ. ಪ್ರಯೋಗಕ್ಕೆ ಒಡ್ಡಿದಾಗ ಕೆಲವು ಗೆಲ್ಲುತ್ತವೆ, ಕೆಲವು ಸೋಲುತ್ತವೆ. ಕ್ಯಾನ್ಸರ್ ಚಿಕಿತ್ಸೆಯ ಆಕ್ಸಾಲಿಪ್ಲಾಟಿನ್‌ನಿಂದ ಬರುವ ಕೈಕಾಲಿನ ನರದ ತೊಂದರೆಯನ್ನು ಗೋಶಾ-ಜಿಂಕಿ-ಗಾನ್ ತಡೆಯುವುದೆಂದು ಬಹಳ ನಿರೀಕ್ಷೆಯಿತ್ತು. ಜಪಾನಿನಲ್ಲೇ ನಡೆದ ದೊಡ್ಡ ಪ್ರಯೋಗವನ್ನು ಪ್ರಯೋಜನ ಕಾಣದೆ ನಡುವೆಯೇ ನಿಲ್ಲಿಸಬೇಕಾಯಿತು. ಯಕೃತ್ತಿನ ಉರಿಯೂತಕ್ಕೆ ಲಕ್ಷಾಂತರ ಜನ ಸೇವಿಸುತ್ತಿದ್ದ ಶೋ-ಸಾಯ್ಕೋ-ತೋದಿಂದ ಶ್ವಾಸಕೋಶಕ್ಕೆ ತೀವ್ರ ಹಾನಿಯಾಗಿ 10 ಮಂದಿ ಸತ್ತರೆಂಬ ತುರ್ತು ಎಚ್ಚರಿಕೆಯನ್ನು 1996ರಲ್ಲಿ ಅಲ್ಲಿನ ಸರ್ಕಾರವೇ ಹೊರಡಿಸಿತು.

ಆದರೂ ಒಂದು ವಿಷಯದಲ್ಲಿ ಆ ದೇಶದ ವ್ಯವಸ್ಥೆ ನಮಗಿಂತ ಮೇಲೆಂದು ಒಪ್ಪುತ್ತೇನೆ. ಕಂಪೋ ವೈದ್ಯರ ಪರವಾನಗಿಯನ್ನು ಪ್ರತ್ಯೇಕವಾಗಿ ಉಳಿಸುವ ಮಸೂದೆ 1895ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಬಿದ್ದುಹೋದ ಮೇಲೆ, ಆಧುನಿಕ ವೈದ್ಯ ಕಲಿತವರೇ ಕಂಪೋವನ್ನೂ ಬರೆಯುವಂತಾಯಿತು. ಆದ್ದರಿಂದಲೇ ಪ್ರಶ್ನೆ ಕೇಳಿದವರಿಗೆ ರಕ್ತ ಪರೀಕ್ಷೆ ಮತ್ತು ಮೂಲಿಕೆಯ ಪುಡಿ ಎರಡೂ ಒಂದೇ ಕುರ್ಚಿಯ ಎದುರಿನಲ್ಲಿ ದೊರೆತವು. ಎಫೆಡ್ರಿನ್ ಅನ್ನು ಮಾವೋದಿಂದ 1885ರಲ್ಲಿ ಬೇರ್ಪಡಿಸಿದವರೂ ಜಪಾನಿನ ರಸಾಯನಶಾಸ್ತ್ರಜ್ಞ ನಾಗಾಯ್ ನಾಗಾಯೋಶಿ ಅವರೇ. ಬೇರು ನಾರಿನೊಳಗೆ ಏನಿದೆ ಎಂದು ಆ ನಾಡಿನವರು ಅಂದೇ ಬಿಡಿಸಿ ನೋಡಿದ್ದಾರೆ. ನಾವೂ ಹಾಗೆಯೇ ನೋಡಬೇಕು.

ಪ್ರಶ್ನೆ ಕೇಳಿದವರು – ಯೊಕೊಹಾಮಾ ವಾಸಿ

ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನಗಳ ಬಳಿಕ ಬರೆಯುತ್ತಿದ್ದೇನೆ. ತಾಯಿಯವರಿಗೆ ಇಲ್ಲಿನ ವಿಮೆ ಇಲ್ಲದುದರಿಂದ ಪೂರ್ಣ ಹಣ ತೆತ್ತು ಅದೇ ಚಿಕಿತ್ಸಾಲಯದಲ್ಲಿ ತೋರಿಸಿದೆ. ಪೊಟ್ಯಾಸಿಯಂ 3.2 ಇತ್ತು, 3.5ಕ್ಕಿಂತ ಕೆಳಗಿರಬಾರದಂತೆ. ದಾವಣಗೆರೆಯ ವೈದ್ಯರೊಂದಿಗೆ ದೂರವಾಣಿಯಲ್ಲಿ ಮಾತನಾಡಿ ಅವರ ಒಪ್ಪಿಗೆಯಿಂದ ಮೂತ್ರವರ್ಧಕವಿಲ್ಲದ ಮಾತ್ರೆಗೆ ಬದಲಾಯಿಸಿದ್ದಾರೆ. ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಇದೆ. ನಿನ್ನೆ ಮೊನ್ನೆ ರಾತ್ರಿ ಕಾಲು ಹಿಡಿದುಕೊಳ್ಳಲಿಲ್ಲ. ನಾನು ಪೊಟ್ಟಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇಕೆಂದು ಅಮ್ಮನಿಗೆ ಇನ್ನೂ ಸ್ವಲ್ಪ ಬೇಸರವಿದೆ.

ಒಡೆಯದೆ ಉಳಿದಿರುವ ಕಕ್ಕೊನ್-ತೋ ಡಬ್ಬಿಯನ್ನು, ಆರೋಗ್ಯವಾಗಿರುವ ನನ್ನ ತಂಗಿಗೆ ಶೀತಕ್ಕಾಗಲಿ ಎಂದು ಅಮ್ಮನ ಕೈಯಲ್ಲಿ ಊರಿಗೆ ಕಳುಹಿಸಬಹುದೇ?

ಉತ್ತರ 4 – ಓಸಾಕಾ ಕನ್ನಡತಿ

ಸಮಾಧಾನವಾಯಿತು. ಡಬ್ಬಿಯನ್ನು ಮಾತ್ರ ಕಳುಹಿಸಬೇಡಿ. ಎಫೆಡ್ರಿನ್ ಭಾರತದಲ್ಲಿ ಮಾದಕವಸ್ತು ಕಾಯ್ದೆಯಡಿ ನಿಯಂತ್ರಣಕ್ಕೊಳಪಟ್ಟ ವಸ್ತು; ಜಪಾನಿ ಅಕ್ಷರಗಳಿರುವ ಡಬ್ಬಿಯೊಳಗೆ ಎಫೆಡ್ರಾದ ಸಾರ ಎಷ್ಟಿದೆ, ಏಕಿದೆ ಎಂದು ನಿಮ್ಮ ತಾಯಿಯವರು ವಿಮಾನ ನಿಲ್ದಾಣದಲ್ಲಿ ನಿಂತು ವಿವರಿಸುವ ಪರಿಸ್ಥಿತಿ ಬರಬಾರದು. ಅದು ನಿಮ್ಮಲ್ಲೇ ಇರಲಿ. ಮುಂದಿನ ಚಳಿಗಾಲದಲ್ಲಿ ನಿಮಗೇ ಶೀತ ಹಿಡಿದ ಮೊದಲ ದಿನ, ಊಟಕ್ಕೆ ಮುಂಚೆ ಬಿಸಿನೀರಿನಲ್ಲಿ ಕದಡಿ ಕುಡಿದು ಹೊದ್ದು ಮಲಗಿ. ಬೆವರು ಬಂದ ಮೇಲೆ ಮುಂದುವರಿಸಬೇಡಿ, ಆ ದಿನಗಳಲ್ಲಿ 68ನೇ ಸಂಖ್ಯೆಯದನ್ನು ಬಿಡಬೇಕೇ ಎಂದು ವೈದ್ಯರನ್ನು ಕೇಳಿಕೊಳ್ಳಿ.