ತಬರಿಯನ್ನು ಇತಿಹಾಸವೆಂದು ಓದಬೇಕೇ, ಸಾಹಿತ್ಯವೆಂದೇ?

ಪ್ರಶ್ನೆ: ಕ್ರಿ.ಶ. 803ರಲ್ಲಿ ಖಲೀಫ ಹಾರೂನ್ ಅಲ್-ರಶೀದ್ ಬರ್ಮಕಿ ವಜೀರರ ಮನೆತನವನ್ನು ಉರುಳಿಸಿದ ಪ್ರಸಂಗದ ಮೇಲೆ, ಅರಬ್ಬಿಯಲ್ಲಿ ಬರೆದ ಇತಿಹಾಸಕಾರ ತಬರಿಯ ಗ್ರಂಥವನ್ನು ಆಧರಿಸಿ ಪ್ರಬಂಧ ಬರೆಯಬೇಕೆಂದಿದ್ದೇನೆ. ಇತಿಹಾಸ ವಿಭಾಗಕ್ಕೆ ಸೇರಲೋ, ಅರಬ್ಬೀ ಸಾಹಿತ್ಯಕ್ಕೋ? ಅನುಭವವುಳ್ಳವರು ತಿಳಿಸಬೇಕು.

ಹಳೆಯ ಸಂಶೋಧಕ: ನಾನು ಇತಿಹಾಸವನ್ನು ಆರಿಸಿಕೊಂಡು ಆರು ವರ್ಷ ಕಳೆದೆ. ತಬರಿಯ ಗ್ರಂಥದ ಲೈಡನ್ ಆವೃತ್ತಿಯ ನೆರಳಚ್ಚಿಗೆ ಮೊದಲ ವರ್ಷವೇ 14,600 ರೂಪಾಯಿ ಹೋಯಿತು. ಯಾರಿಂದ ಯಾರು ಕೇಳಿದರೆಂಬ ಇಸ್ನಾದ್ ಸರಪಳಿಗಳನ್ನು ಬರೆದಿಟ್ಟ ಚೀಟಿಗಳಲ್ಲಿ ಅರ್ಧವನ್ನು ಎರಡನೆಯ ಮಳೆಗಾಲದಲ್ಲಿ ಗೆದ್ದಲು ತಿಂದಿತು. ಬರ್ಮಕಿ ಮನೆತನದ ಜಾಫರನ ಕೊಲೆಗೆ ತಬರಿ ಒಂದೇ ಕಾರಣ ಕೊಡುವುದಿಲ್ಲ: ಸೆರೆಯಲ್ಲಿದ್ದ ಅಲೀ ವಂಶದ ಯಹ್ಯಾನನ್ನು ಅವನು ಬಿಟ್ಟುಕಳುಹಿಸಿದನೆಂಬ ವರದಿಯೂ ಇದೆ, ಖಲೀಫನ ತಂಗಿ ಅಬ್ಬಾಸಾಳಿಗೂ ಅವನಿಗೂ ಇದ್ದ ಗುಟ್ಟಿನ ಸಂಬಂಧದ ಕಥೆಯೂ ಇದೆ. ‘ಹಾಗಾದರೆ ನಡೆದದ್ದೇನು?’ ಎಂದು ಪರೀಕ್ಷಕರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ; ಪ್ರಬಂಧ ಎರಡು ಬಾರಿ ವಾಪಸಾಯಿತು.

ಅದಬ್ (ಅರಬ್ಬೀ ಸಾಹಿತ್ಯ) ಓದುಗಿ: ನಾನು ಸಾಹಿತ್ಯಕ್ಕೆ ಹೋದೆ, ಪಶ್ಚಾತ್ತಾಪವಿಲ್ಲ. ಖಲೀಫನ ಆಳಾಗಿ ತಲೆ ತರಲು ಬಂದ ಮಸ್ರೂರನಲ್ಲಿ, ಖಲೀಫನನ್ನು ಇನ್ನೊಮ್ಮೆ ಕೇಳಿ ಬಾ ಎಂದು ಜಾಫರ್ ಅಂಗಲಾಚುವ ಆ ರಾತ್ರಿಯನ್ನು ಓದಿದವರಿಗೆ, ಖಬರ್ ಎಂಬ ಪುಟ್ಟ ವೃತ್ತಾಂತ ಎಷ್ಟು ಬಿಗಿಯಾಗಿ ಕಟ್ಟಿದ ಕಥನವೆಂಬುದು ತಾನಾಗಿ ತಿಳಿಯುತ್ತದೆ. ಚೀಟಿ ಎಣಿಸಿದವರಿಗೆ ಅದು ಕಾಣದಿದ್ದರೆ ತಪ್ಪು ತಬರಿಯದಲ್ಲ.

ಹಳೆಯ ಸಂಶೋಧಕ: ಅಬ್ಬಾಸಾಳ ಕಥೆಯನ್ನು ತಳ್ಳಿಹಾಕಿ, ಬರ್ಮಕಿಗಳು ರಾಜ್ಯದ ಆದಾಯವನ್ನೇ ಕೈವಶ ಮಾಡಿಕೊಂಡಿದ್ದರೆಂದು 1377ರ ‘ಮುಕದ್ದಿಮಾ’ದಲ್ಲಿ ವಾದಿಸಿದ ಇತಿಹಾಸಕಾರ ಇಬ್ನ್ ಖಲ್ದೂನ್ ಕಥನದ ಬಿಗಿಯನ್ನು ಮೆಚ್ಚಿ ಕುಳಿತಿರಲಿಲ್ಲ. ನೀವು ಓದಿದ್ದು ಬಹುಶಃ ತಬರಿಯನ್ನಲ್ಲ, ಅವನನ್ನು ಆಧರಿಸಿ ಮುಂದೆ ಬರೆದ ಇತಿಹಾಸಕಾರ ಇಬ್ನ್ ಅಲ್-ಅಸೀರನನ್ನು. ತಬರಿಯ ಹಲವು ವರದಿಗಳಲ್ಲಿ ಅತ್ಯಂತ ವಿವರವಾದದ್ದನ್ನು ಆರಿಸಿ ಉಳಿದವುಗಳನ್ನು ಅದಕ್ಕೇ ಬೆಸೆದೆನೆಂದು ಮುನ್ನುಡಿಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ.

ಮೂರನೆಯವನು: ನನ್ನ ಸಂಕಟ ಬೇರೆ. ಸಲಾಹುದ್ದೀನನ ಕಾರ್ಯದರ್ಶಿ ಇಮಾದುದ್ದೀನ್ 1187ರ ಜೆರುಸಲೇಮ್ ವಿಜಯವನ್ನು ಸಜ್ ಎಂಬ ಪ್ರಾಸಗದ್ಯದಲ್ಲಿ ಬರೆದಿದ್ದಾನೆ. ಎಂಟು ತಿಂಗಳಲ್ಲಿ ನಾನು ಹನ್ನೊಂದು ಪುಟ ಅನುವಾದಿಸಿದೆ; ಪ್ರಾಸ ಉಳಿಸಿದರೆ ಸೇನೆಯ ಚಲನೆ ಮಸುಕಾಯಿತು, ಪ್ರಾಸ ಬಿಟ್ಟರೆ ಅವನೇ ಉಳಿಯಲಿಲ್ಲ. ಆ ಅಲಂಕಾರ ಬರಿಯ ಹೊದಿಕೆಯಲ್ಲ, ವಿಜಯವನ್ನು ಘೋಷಿಸುವ ದರ್ಬಾರಿನ ಭಾಷೆಯೇ ಅದು.

ಹಳೆಯ ಸಂಶೋಧಕ: ಕೇಳಿದ್ದು ತಬರಿಯ ಬಗ್ಗೆ.

ಅದಬ್ ಓದುಗಿ: ನಾನು ಓದಿದ್ದೂ ತಬರಿಯನ್ನೇ. ಪುಟಸಂಖ್ಯೆ ಬೇಕಿದ್ದರೆ, ಗೆದ್ದಲಿಗೆ ಸಿಕ್ಕದ ನನ್ನ ಟಿಪ್ಪಣಿಯಿಂದ ಕಳುಹಿಸುತ್ತೇನೆ.