ಬಿಡುವಿನ ನಂತರ ಏರ್ ಪಿಸ್ತೂಲ್ ಗುಂಡು ಎಡಕ್ಕೆ, ಕೆಳಕ್ಕೆ ಹೋಗುತ್ತಿದೆ. ಗುರಿ ಹಿಡಿಯುವ ಸೈಟ್ ತಿರುಗಿಸಬೇಕಾ?

ಬಲಗೈಯವನು:
10 ಮೀಟರ್ ಏರ್ ಪಿಸ್ತೂಲ್, ಬಲಗೈ. ಪರೀಕ್ಷೆ ಅಂತ ಕೆಲವು ತಿಂಗಳು ಅಭ್ಯಾಸ ನಿಂತಿತ್ತು. ಈಗ ಶುರುವಿನ ಗುಂಡುಗಳು ಪರವಾಗಿಲ್ಲ, ಆಮೇಲೆ ಒಂದೊಂದೇ ಗಡಿಯಾರದ ಏಳು ಗಂಟೆ ಕಡೆಗೆ ಜಾರುತ್ತವೆ, ಆರು, ಏಳು ಅಂಕ ಕೂಡ ಬರುತ್ತಿದೆ. ಪೆಲೆಟ್ (ಗುಂಡು) ಮೊದಲು ಬಳಸುತ್ತಿದ್ದದ್ದೇ, ಸಿಲಿಂಡರ್‌ನಲ್ಲಿ ಗಾಳಿ ಸಾಕಷ್ಟಿದೆ. ಹಿಂದಿನ ಸೈಟ್ ಕೆಲವು ಕ್ಲಿಕ್ ತಿರುಗಿಸಿದೆ. ಆ ದಿನ ಸರಿಹೋಯಿತು, ಮುಂದಿನ ವಾರ ಮತ್ತೆ ಅದೇ ಕಥೆ. ರೇಂಜ್‌ಗೆ ಹೋಗಲು ಆಗುವುದು ವಾರಕ್ಕೊಂದೇ ಸಲ.

ಹಳೇ ಪೆಲೆಟ್:
ಸೈಟ್ ಮುಟ್ಟಬೇಡಿ ಮಾರಾಯ್ರೇ. ತಪ್ಪು ಸೈಟ್‌ನದ್ದಾಗಿದ್ದರೆ ಮೊದಲ ಗುಂಡಿನಿಂದಲೇ ಇಡೀ ಗ್ರೂಪ್ (ಟಾರ್ಗೆಟ್ ಮೇಲಿನ ಗುಂಡುಗಳ ಗುಂಪು) ಒಂದೇ ಕಡೆ ಕೂರುತ್ತಿತ್ತು, ಅಲ್ವಾ? ದಣಿದ ಮೇಲೆ ಜಾರುತ್ತಿದೆ ಅಂದರೆ ಅದು ಬೆರಳಿನ ಕೆಲಸ. ಬಲಗೈಯವರು ಟ್ರಿಗರ್ ಕಿತ್ತೆಳೆದರೆ ಉಳಿದ ಬೆರಳುಗಳೂ ಜೊತೆಗೇ ಬಿಗಿಯುತ್ತವೆ, ಮಣಿಕಟ್ಟು ಇಳಿಯುತ್ತದೆ, ಗುಂಡು ಎಡ-ಕೆಳಕ್ಕೆ.

ಒಂದು ಲೆಕ್ಕ ನೋಡಿ. ಮುಂದಿನ ಸೈಟಿಗೂ ಹಿಂದಿನದಕ್ಕೂ 32 ಸೆಂ.ಮೀ. ಅಂತರ ಅಂದುಕೊಳ್ಳಿ. ಮುಂದಿನದು ಬರೀ ಅರ್ಧ ಮಿ.ಮೀ. ಓರೆಯಾದರೆ 10 ಮೀಟರ್ ದೂರದಲ್ಲಿ ಗುಂಡು 15 ಮಿ.ಮೀ.ಗಿಂತ ಜಾಸ್ತಿ ತಪ್ಪುತ್ತದೆ. ಹತ್ತರ ವೃತ್ತದ ಪೂರ್ತಿ ಅಗಲವೇ 11.5 ಮಿ.ಮೀ. ಅದೇ ಸೈಟ್ ಎರಡೂ ಸರಿಯಾಗಿ ಹೊಂದಿಕೊಂಡಿದ್ದು ಇಡೀ ಕೈ 5 ಮಿ.ಮೀ. ಸರಿದರೆ ಗುಂಡೂ 5 ಮಿ.ಮೀ. ಮಾತ್ರ ಸರಿಯುತ್ತದೆ. ಅದಕ್ಕೇ ಕೈ ನಡುಗಿದರೆ ಹೆದರಬೇಡಿ. ಅದನ್ನು ನಿಲ್ಲಿಸಲು ಹೋಗಿ "ಈಗ!" ಅಂತ ಎಳೆಯುವುದೇ ಎಲ್ಲರನ್ನೂ ಹಾಳು ಮಾಡುವುದು.

ಟಾರ್ಗೆಟ್ ತಿರುಗಿಸಿ, ಬರೀ ಬಿಳಿ ಬದಿಗೆ ಹೊಡೆದು ನೋಡಿ. ಕಪ್ಪು ಚುಕ್ಕೆ ಇಲ್ಲದಿದ್ದಾಗ ಗ್ರೂಪ್ ಚಿಕ್ಕದಾದರೆ ರೋಗ ಸಿಕ್ಕಿತು.

ಗೋಡೆಗುರಿ:
ವಾರಕ್ಕೊಂದು ದಿನ ಎರಡು ಗಂಟೆ ಹೊಡೆಯುವುದಕ್ಕಿಂತ ಮನೆಯಲ್ಲಿ ದಿನಾ ಹದಿನೈದು ನಿಮಿಷ ಡ್ರೈ ಫೈರ್ (ಪೆಲೆಟ್ ಹಾಕದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾಡಿ, ಕೈ ಮರೆಯುವುದಿಲ್ಲ. ಬ್ಯಾರೆಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ, ಆಚೆ ಯಾರೂ ಓಡಾಡದ ಗಟ್ಟಿ ಗೋಡೆಗೇ ಹಿಡಿಯಿರಿ. ಪಿಸ್ತೂಲಿನಲ್ಲಿ ಡ್ರೈ ಫೈರ್ ವ್ಯವಸ್ಥೆ ಇದ್ದರೆ ಮಾತ್ರ ಇದು. ಸ್ಪ್ರಿಂಗ್ ಪಿಸ್ತೂಲನ್ನು ಸುಮ್ನೆ ಖಾಲಿ ಹೊಡೆದರೆ ಪಿಸ್ಟನ್ ಕೆಡಬಹುದು.

ಕಣ್ಣು ಮುಂದಿನ ಸೈಟ್ ಮೇಲೇ ಇರಲಿ, ಗೋಡೆ ಮಸುಕಾಗಿಯೇ ಕಾಣಲಿ. ಟ್ರಿಗರ್ ಬಿದ್ದ ಮೇಲೂ ಒಂದೆರಡು ಸೆಕೆಂಡ್ ಹಾಗೇ ನಿಲ್ಲಿ. ಸೈಟ್ ಕುಸಿಯಿತೋ ಇಲ್ಲವೋ ಅಲ್ಲೇ ಕಾಣುತ್ತದೆ. ಹತ್ತು ಸೆಕೆಂಡ್ ಆದರೂ ಹೊಡೆತ ಹೋಗಿಲ್ಲ ಅಂದರೆ ಕೈ ಇಳಿಸಿ. ಸ್ಪರ್ಧೆಯಲ್ಲೂ 60 ಗುಂಡಿಗೆ 75 ನಿಮಿಷ ಇದೆ, ಅವಸರ ಯಾಕೆ?

ಬಲಗೈಯವನು:
ಬಿಳಿ ಬದಿಗೆ ಹೊಡೆದೆ. ಗ್ರೂಪ್ ಅರ್ಧಕ್ಕರ್ಧ ಚಿಕ್ಕದಾಯಿತು, ಏಳು ಗಂಟೆ ಕಡೆ ಒಂದೂ ಇಲ್ಲ! ಆದರೆ ಇಡೀ ಗ್ರೂಪ್ ಸ್ವಲ್ಪ ಬಲಕ್ಕೆ ಕೂತಿದೆ.

ಹಳೇ ಪೆಲೆಟ್:
ಅದು ನೀವು ತಿರುಗಿಸಿದ ಕ್ಲಿಕ್‌ಗಳು. ಅಷ್ಟನ್ನೂ ವಾಪಸ್ ತಿರುಗಿಸಿ. ಟ್ರಿಗರ್ ತೂಕವನ್ನೂ (ಅದನ್ನು ಎಳೆಯಲು ಬೇಕಾದ ಬಲ) ಒಮ್ಮೆ ನೋಡಿಕೊಳ್ಳಿ, ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ. ಸುಲಭ ಆಗಲಿ ಅಂತ ಅದಕ್ಕಿಂತ ಇಳಿಸಬೇಡಿ, ಸ್ಪರ್ಧೆಯ ದಿನ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.